ಐಲಾ ದ್ವೀಪಕ್ಕೆ ಹೋಗ್ತೀರಾ? ಮೊದಲು ಹಡಗಿನ ಟಿಕೆಟ್ ಸರಿಯಾಗಿ ನೋಡಿಕೊಳ್ಳಿ

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನಲ್ಲಿ ವಿಸ್ಕಿಗೆ ಹೆಸರಾದ ಐಲಾ ದ್ವೀಪದಲ್ಲಿ ಹಡಗು ನಿಲ್ಲುವ ಊರು ಒಂದಲ್ಲ, ಎರಡು. ದಕ್ಷಿಣಕ್ಕೆ ಪೋರ್ಟ್ ಎಲೆನ್, ಇನ್ನೊಂದು ತುದಿಯಲ್ಲಿ ಪೋರ್ಟ್ ಆಸ್ಕೆಗ್. ನಾವು ರೂಮ್ ಮಾಡಿದ್ದು ಪೋರ್ಟ್ ಎಲೆನ್‌ನಲ್ಲಿ. ಟಿಕೆಟ್ ತೆಗೆದದ್ದು ಪೋರ್ಟ್ ಆಸ್ಕೆಗ್‌ಗೆ. ತೆಗೆದವನು ನಾನೇ. "ದ್ವೀಪ ಅಂದ್ರೆ ಎಷ್ಟು ದೊಡ್ಡದಿರುತ್ತೆ ಬಾವ, ನಡ್ಕೊಂಡೇ ಹೋಗಬಹುದು" ಎಂದವನೂ ನಾನೇ.

ಇಳಿದಾಗ ಕತ್ತಲಾಗಿತ್ತು. ಜಡಿಮಳೆ. ಕೊನೆಯ ಬಸ್ ಹೋಗಿಯಾಗಿತ್ತು. ಎರಡು ಊರಿನ ನಡುವೆ ಮೂವತ್ತು ಕಿಲೋಮೀಟರಿಗೂ ಜಾಸ್ತಿ. ಅರ್ಧ ಗಂಟೆ ಕಾದ ಮೇಲೆ ಟ್ಯಾಕ್ಸಿ ಸಿಕ್ಕಿತು. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ವಿಸ್ಕಿ ಬಾಟಲಿ ಬರುತ್ತಿತ್ತು. ಬಾವ ದಾರಿಯುದ್ದಕ್ಕೂ ಏನೂ ಮಾತಾಡಲಿಲ್ಲ. ಅದೇ ನನಗೆ ಶಿಕ್ಷೆ.

ಬಾವ ಕುಡಿಯುವವರಲ್ಲ, ಮೀನು ಮಾಂಸವನ್ನೂ ಮುಟ್ಟುವವರಲ್ಲ. ಅಕ್ಕನ ಮನೆ ಗ್ಲಾಸ್ಗೋದಲ್ಲಿ. ನಾನು ಬೆಂಗಳೂರಿನಿಂದ ಅವರಲ್ಲಿಗೆ ಹೋಗಿದ್ದೆ. "ಒಬ್ಬನೇ ಹೋದ್ರೆ ವಾಪಸ್ ಬರಲ್ಲ" ಎಂದು ಅಕ್ಕ ಬಾವನನ್ನು ಜೊತೆಗೆ ಕಳಿಸಿದಳು. ಅಕ್ಟೋಬರ್ ತಿಂಗಳು ಅಲ್ಲಿ ಹಕ್ಕಿ ನೋಡುವ ಕಾಲ ಅಂತ ಬಾವನೂ ಒಪ್ಪಿದರು.

ಹೋಗುವ ದಾರಿ ಹೀಗಿದೆ. ಗ್ಲಾಸ್ಗೋದ ಬುಕ್ಯಾನನ್ ಬಸ್ ನಿಲ್ದಾಣದಲ್ಲಿ 926 ನಂಬರಿನ ಬಸ್ ಹತ್ತಬೇಕು. ಲಾಖ್ ಲೊಮಂಡ್ ಕೆರೆಯ ಪಕ್ಕದಲ್ಲೇ ಸಾಗಿ, ಘಾಟಿ ಹತ್ತಿ ಇಳಿದು, ಮೂರು ಗಂಟೆಯ ಮೇಲೆ ಕೆನಕ್ರೇಗ್ ಎನ್ನುವ ಕಡೆ ಇಳಿಸುತ್ತದೆ. ಎಡಗಡೆ ಸೀಟು ಹಿಡಿಯೋದಕ್ಕಿಂತ ಬಲಗಡೆ ಹಿಡಿಯಿರಿ, ಕೆರೆ ಆ ಕಡೆಗೇ ಇದೆ. ಕೆನಕ್ರೇಗ್ ಊರೇ ಅಲ್ಲ, ಹಡಗುಕಟ್ಟೆ ಮಾತ್ರ. ಅಲ್ಲಿಂದ ಕ್ಯಾಲ್‌ಮ್ಯಾಕ್ ಕಂಪನಿಯ ಹಡಗಿನಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ. ಕಾರ್ ಇದ್ದರೆ ಹಡಗಿನ ಜಾಗವನ್ನು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ಹಾಗಾಗಿ ವಾಪಸ್ ಬಂದ ಮಾರನೇ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ. ಒಂದು ದಿನವಾದರೂ ಮಧ್ಯೆ ಇರಲಿ. ಗ್ಲಾಸ್ಗೋದಿಂದ ಪುಟ್ಟ ವಿಮಾನವೂ ಇದೆ, ಮುಕ್ಕಾಲು ಗಂಟೆ. ಆದರೆ ಹಡಗಿನಲ್ಲಿ ಹೋಗಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಅಂದಹಾಗೆ ಅದೇ 926 ಬಸ್ಸಿನ ಕೊನೆಯ ಸ್ಟಾಪ್ ಕ್ಯಾಂಬಲ್‌ಟೌನ್. ಜಪಾನಿನ ಮಸತಾಕಾ ತಾಕೆತ್ಸುರು ಎಂಬ ಹುಡುಗ 1918ರಲ್ಲಿ ಸ್ಕಾಟ್ಲೆಂಡಿಗೆ ಬಂದು, ಕೊನೆಗೆ ಆ ಊರಿನ ಡಿಸ್ಟಿಲರಿಯಲ್ಲಿ, ಅಂದರೆ ವಿಸ್ಕಿ ಭಟ್ಟಿ ಇಳಿಸುವ ಕಡೆ, ಕೆಲಸ ಕಲಿತ. ಸ್ಕಾಟ್ಲೆಂಡಿನ ಹುಡುಗಿಯನ್ನೇ ಮದುವೆಯಾಗಿ ಊರಿಗೆ ಹೋದ. 1934ರಲ್ಲಿ ಹೊಕ್ಕೈಡೋದ ಯೋಯಿಚಿಯಲ್ಲಿ ತನ್ನದೇ ಕಂಪನಿ ಶುರು ಮಾಡಿದ. ಇವತ್ತು ಜಪಾನಿನ ವಿಸ್ಕಿಗೆ ಜನ ಸಾಲು ನಿಲ್ಲುತ್ತಾರಲ್ಲ, ಅದರ ಬೇರು ಈ ಕಡೆ ಇದೆ. ಎರಡು ದಿನ ಜಾಸ್ತಿ ಇದ್ದರೆ ಅಲ್ಲಿಗೂ ಹೋಗಿ. ನಮಗೆ ಇರಲಿಲ್ಲ.

ಐಲಾದಲ್ಲಿ ಮೂರು ಸಾವಿರದ ಚಿಲ್ಲರೆ ಜನ. ಡಿಸ್ಟಿಲರಿಗಳು ಹತ್ತಾದರೂ ಇವೆ. ಹೆಸರುಗಳ ಇಂಗ್ಲಿಷ್ ಕಾಗುಣಿತ ನೋಡಿ ಹೆದರಬೇಡಿ, ಅದು ಅಲ್ಲಿಯ ಹಳೆಯ ಗೇಲಿಕ್ ಭಾಷೆಯ ಕರಾಮತ್ತು. ನಮ್ಮ ಲಿಪಿಯಲ್ಲಿ ಬರೆದುಕೊಂಡರೆ ಸಲೀಸು: ಲಾಫ್ರಾಯ್ಗ್, ಲಾಗಾವೂಲಿನ್, ಬ್ರುಕ್‌ಲಾಡಿ, ಕಲ್ ಈಲಾ, ಬನ್ನಹಾವನ್, ಕಿಲ್‌ಹೋಮನ್. ನಾನು ಚೀಟಿಯಲ್ಲಿ ಹೀಗೆ ಬರೆದುಕೊಂಡು ಹೋಗಿದ್ದೆ. ಬಸ್ ಡ್ರೈವರ್‌ಗೆ ಒಂದೇ ಸಲಕ್ಕೆ ಅರ್ಥವಾಯಿತು. ಹಿಂದಿದ್ದ ಇಂಗ್ಲೆಂಡಿನ ಗಂಡಹೆಂಡತಿ ಮೂರು ಸಲ ಹೇಳಬೇಕಾಯಿತು.

ದಿನಕ್ಕೆ ಎರಡೇ ಡಿಸ್ಟಿಲರಿ. ಇದು ನನ್ನ ಖಡಾಖಂಡಿತ ಸಲಹೆ. ನಾಲ್ಕು ನೋಡುತ್ತೇವೆ ಎಂದು ಹೊರಟ ಗುಂಪೊಂದನ್ನು ಮೊದಲ ದಿನವೇ ಕಂಡೆವು. ಮೂರನೆಯದರಲ್ಲಿ ಅವರಿಗೆ ಗೈಡ್ ಹೇಳಿದ್ದು ಏನೂ ಕಿವಿಗೆ ಬೀಳುತ್ತಿರಲಿಲ್ಲ. ದುಡ್ಡು ಕೊಟ್ಟು ನಿದ್ದೆ ಮಾಡೋದಾದರೆ ಊರಲ್ಲೇ ಮಾಡಬಹುದು, ಅಲ್ವಾ?

ಪೋರ್ಟ್ ಎಲೆನ್‌ನಲ್ಲಿ ಉಳಿದರೆ ಕಾರ್ ಬೇಡ. ಊರಿನಿಂದ ಪೂರ್ವಕ್ಕೆ ರಸ್ತೆ ಪಕ್ಕದಲ್ಲೇ ನಡೆಯುವವರಿಗೆ ದಾರಿ ಮಾಡಿದ್ದಾರೆ. ಮೊದಲು ಲಾಫ್ರಾಯ್ಗ್, ಆಮೇಲೆ ಲಾಗಾವೂಲಿನ್, ಕೊನೆಗೆ ಆರ್ಡ್‌ಬೆಗ್. ಒಟ್ಟು ಐದು ಕಿಲೋಮೀಟರ್ ಚಿಲ್ಲರೆ. ಮೂರೂ 1815, 1816ರ ಕಾಲದವು. ನಾವು ಒಳಗೆ ಹೋಗಿ ನೋಡಿದ್ದು ಮೊದಲಿನ ಎರಡನ್ನು. ಆರ್ಡ್‌ಬೆಗ್‌ನಲ್ಲಿ ಬಾರ್ಲಿ ಒಣಗಿಸುವ ಹಳೇ ಗೂಡನ್ನೇ ಕೆಫೆ ಮಾಡಿದ್ದಾರೆ, ಅಲ್ಲಿ ಕೂತು ಬಿಸಿ ಸೂಪ್ ಕುಡಿದು ಬಂದೆವು.

ಲಾಫ್ರಾಯ್ಗ್‌ನಲ್ಲಿ ನಾನು ಮರೆಯದ ಜಾಗ ಬಾರ್ಲಿ ಹರಡುವ ಕೋಣೆ. ತಗ್ಗು ಚಾವಣಿ, ಕಲ್ಲಿನ ಗೋಡೆ, ಚಿಕ್ಕ ಕಿಟಕಿಗಳು. ನೆನೆಸಿದ ಬಾರ್ಲಿಯನ್ನು ನೆಲದ ತುಂಬ ಗೇಣುದ್ದ ಹರಡಿರುತ್ತಾರೆ. ಅದು ಮೊಳಕೆ ಒಡೆಯುವಾಗ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಬೇರು ಹೆಣೆದುಕೊಂಡು ಗಂಟಾಗುತ್ತದೆ. ಅದಕ್ಕೆ ದಿನಕ್ಕೆ ಹಲವು ಸಲ ತಿರುವಿಹಾಕಬೇಕು. ಹಿಂದೆ ಮರದ ಸಲಿಕೆಯಲ್ಲಿ ತಿರುವಿ ತಿರುವಿ ಆಳುಗಳ ಒಂದು ಭುಜ ಇಳಿಬೀಳುತ್ತಿತ್ತಂತೆ. ಅದಕ್ಕೆ 'ಮಂಕಿ ಶೋಲ್ಡರ್' ಅಂತ ಹೆಸರು. ಗೈಡ್ ನಮ್ಮನ್ನು ಬಾರ್ಲಿಯ ಮೇಲೇ ನಡೆಯಲು ಬಿಟ್ಟಳು. ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಕಾಲಿನಲ್ಲಿ ಗೀರಿ ಸಾಲು ಮಾಡುತ್ತಾರಲ್ಲ, ಬಾವ ಹಾಗೇ ಕಾಲೆಳೆದುಕೊಂಡು ಒಂದು ಸಾಲು ಹೊಡೆದರು. ಆಮೇಲೆ ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಮೊಳಕೆ ರಾಗಿ ಕಣೋ. ಮಗುವಿಗೆ ಸರಿ ಮಾಡೋಕೆ ಅಮ್ಮ ಕಟ್ಟಿಡ್ತಿದ್ದಳಲ್ಲ, ಅದೇ" ಎಂದರು. ನಿಜ. ಮೊಳಕೆ ಬಂದರೆ ಕಾಳಿನೊಳಗಿನ ಹಿಟ್ಟು ಸಿಹಿಯಾಗಲು ದಾರಿಯಾಗುತ್ತದೆ. ರಾಗಿಯಾದರೆ ಮಗುವಿನ ಹೊಟ್ಟೆಗೆ, ಬಾರ್ಲಿಯಾದರೆ ಪೀಪಾಯಿಗೆ. ಹೀಗೆ ನೆಲದ ಮೇಲೆ ಮೊಳಕೆ ಬರಿಸುವುದು ಈಗ ಬಹಳ ಕಡಿಮೆ. ಲಾಫ್ರಾಯ್ಗ್ ಕೂಡ ತನಗೆ ಬೇಕಾದ್ದರಲ್ಲಿ ಒಂದು ಪಾಲನ್ನಷ್ಟೇ ಹೀಗೆ ಮಾಡುತ್ತದೆ. ಬೋಮೋರ್‌ನಲ್ಲೂ ಕಿಲ್‌ಹೋಮನ್‌ನಲ್ಲೂ ಇದನ್ನು ನೋಡಬಹುದು. ಟೂರ್ ಆರಿಸುವಾಗ ಈ ಮೂರರಲ್ಲಿ ಒಂದಾದರೂ ಇರಲಿ.

ಪಕ್ಕದಲ್ಲೇ ಒಲೆ. ಉರಿಯುವುದು ಸೌದೆಯಲ್ಲ, ಪೀಟ್. ಜೌಗು ನೆಲದಲ್ಲಿ ಪಾಚಿ, ಹುಲ್ಲು ಸಾವಿರಾರು ವರ್ಷ ಒತ್ತಿಕೊಂಡು ಆದ ಕಪ್ಪು ಮಣ್ಣು. ಇಟ್ಟಿಗೆಯ ಹಾಗೆ ಕಡಿದು, ಬೆರಣಿಯ ಹಾಗೆ ಒಣಗಿಸಿ ಉರಿಸುತ್ತಾರೆ. ಆ ಹೊಗೆ ಮೊಳಕೆ ಬಾರ್ಲಿಗೆ ಹತ್ತುತ್ತದೆ. ಐಲಾದ ವಿಸ್ಕಿಯ ವಾಸನೆಯ ಗುಟ್ಟು ಇದೇ. ಮಲೆನಾಡಿನ ಬಚ್ಚಲೊಲೆಯ ಹೊಗೆಗೆ ಟಿಂಕ್ಚರ್ ಅಯೋಡಿನ್ ಬೆರೆಸಿದರೆ ಹೇಗಿರುತ್ತೆ? ಹಾಗೆ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗಲೂ ಲಾಫ್ರಾಯ್ಗ್ ಔಷಧಿ ಹೆಸರಿನಲ್ಲಿ ಒಳಗೆ ಹೋಗುತ್ತಿತ್ತು ಎಂದು ಗೈಡ್ ಹೇಳಿದಳು. ಮೂಸಿದರೆ ಯಾವ ಅಧಿಕಾರಿಯೂ ನಂಬುತ್ತಾನೆ.

ಎಲ್ಲ ಐಲಾ ವಿಸ್ಕಿಯೂ ಹೊಗೆಯಲ್ಲ. ಬನ್ನಹಾವನ್ ಬಹುಪಾಲು ಹೊಗೆ ಇಲ್ಲದ್ದು, ಬ್ರುಕ್‌ಲಾಡಿ ಹೆಸರಿನದೂ ಹಾಗೇ. ಮೊದಲ ಸಲ ರುಚಿ ನೋಡುವವರು ಅಲ್ಲಿಂದ ಶುರು ಮಾಡಿ. ನಾನು ನೇರ ಲಾಫ್ರಾಯ್ಗ್‌ಗೆ ಬಾಯಿಟ್ಟೆ. ಅರ್ಧ ಗಂಟೆ ನಾಲಗೆಗೆ ಬೇರೇನೂ ಗೊತ್ತಾಗಲಿಲ್ಲ.

ಗುಟುಕಿನ ಲೆಕ್ಕವೂ ಬೇರೆ. ನಮ್ಮ ಬಾರಿನಲ್ಲಿ 30, 60, ನೈಂಟಿ. ಅಲ್ಲಿಯ ಪಬ್‌ನಲ್ಲಿ 25 ಇಲ್ಲವೇ 35 ಎಂಎಲ್. ಅದನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆ ಕೂರುತ್ತಾರೆ. ಸೋಡಾ ಕೇಳಿದರೆ ಬೈಯುವುದಿಲ್ಲ, ಆದರೆ ಮುಖ ನೋಡುತ್ತಾರೆ. ಮೊದಲು ಮೂಸಿ, ಒಂದು ಗುಟುಕು ಹಾಗೇ ಕುಡಿದು, ಆಮೇಲೆ ನಾಲ್ಕು ಹನಿ ನೀರು ಬಿಡಿ. ನೀರು ಬಿದ್ದ ಮೇಲೆ ವಾಸನೆ ಬಿಚ್ಚಿಕೊಳ್ಳುವುದು ನನಗೇ ಗೊತ್ತಾಯಿತು. ನೆಂಚಿಕೊಳ್ಳಲು ಏನೂ ಕೊಡುವುದಿಲ್ಲ. ನಾನು ಜೇಬಿನಲ್ಲಿ ಕಾಂಗ್ರೆಸ್ ಕಡಲೆಬೀಜ ಇಟ್ಟುಕೊಂಡಿದ್ದೆ. ಪಬ್‌ನಲ್ಲಿ ಪಕ್ಕದ ಮೇಜಿನ ಅಜ್ಜನಿಗೂ ಕೊಟ್ಟೆ. ಪೊಟ್ಟಣ ಅವರೇ ಖಾಲಿ ಮಾಡಿದರು. 'ಸ್ಲಾಂಜಾ ವಾ' ಎಂದು ಗ್ಲಾಸ್ ಎತ್ತುವುದನ್ನು ಕಲಿಸಿದ್ದೂ ಅವರೇ.

ಬೆಂಗಳೂರಿನವನು ಎಂದಕೂಡಲೇ ಲಾಗಾವೂಲಿನ್‌ನ ಗೈಡ್ "ಅಮೃತ್!" ಎಂದ. ನನಗೆ ಒಳಗೊಳಗೇ ಖುಷಿ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿ) ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಗ್ಲಾಸ್ಗೋದಲ್ಲಿ. 2009ರಲ್ಲಿ ಬಂದ ಅವರ ವಿಸ್ಕಿ ಫ್ಯೂಷನ್‌ನಲ್ಲಿ ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಹೊಗೆ ಹತ್ತಿದ ಬಾರ್ಲಿಯೂ ಇದೆ. ಗೋದಾಮಿನಲ್ಲಿ ಪೀಪಾಯಿ ತೋರಿಸುತ್ತ ಆತ, ಇಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗಿ ಹೋಗುತ್ತದೆ, ನಿಮ್ಮಲ್ಲಿ ಹತ್ತರ ಮೇಲೆ ಹೋಗುತ್ತದಂತಲ್ಲ ಎಂದು ಕೇಳಿದ. ಸೆಖೆಗೆ ಹಾಗಾಗುತ್ತದೆ. ಅದಕ್ಕೇ ಅಲ್ಲಿ ಹತ್ತು ಹದಿನಾರು ವರ್ಷ ಕಾಯುವುದನ್ನು ನಮ್ಮವರು ನಾಲ್ಕೈದು ವರ್ಷದಲ್ಲಿ ಮುಗಿಸುತ್ತಾರೆ. ಇಲ್ಲಾಂದ್ರೆ ಪೀಪಾಯಿ ಖಾಲಿ! ಸ್ಕಾಚ್ ಎನ್ನಿಸಿಕೊಳ್ಳಲು ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕು. ನಮ್ಮ ಅಂಗಡಿಯ ಅಗ್ಗದ 'ವಿಸ್ಕಿ'ಯಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸ್ಪಿರಿಟ್ ಇರುತ್ತದೆ. ಯುರೋಪಿನಲ್ಲಿ ಅದನ್ನು ವಿಸ್ಕಿ ಅಂತ ಮಾರುವ ಹಾಗಿಲ್ಲ. ಇದನ್ನು ಮಾತ್ರ ನಾನಾಗಿ ಬಾಯಿಬಿಡಲಿಲ್ಲ.

ಕುಡಿಯದವರು ಟೂರ್‌ಗೆ ಬರಬಹುದು. ತಮ್ಮ ಪಾಲನ್ನು ಪುಟ್ಟ ಬಾಟಲಿಯಲ್ಲಿ ಹಾಕಿಕೊಡಿ ಎಂದು ಕೇಳಬೇಕು, ಅಷ್ಟೆ. ಕಾರ್ ಓಡಿಸುವವರಿಗೂ ಹೀಗೇ. ಸ್ಕಾಟ್ಲೆಂಡಿನಲ್ಲಿ ಕುಡಿದು ಓಡಿಸುವ ಮಿತಿ ಇಂಗ್ಲೆಂಡಿಗಿಂತ ಬಿಗಿ. 100 ಎಂಎಲ್ ರಕ್ತಕ್ಕೆ 50 ಮಿಲಿಗ್ರಾಂ, ಇಂಗ್ಲೆಂಡಿನಲ್ಲಿ 80. ಒಂದು ಟೂರ್‌ನ ಗುಟುಕುಗಳೇ ಸಾಕು ಸಿಕ್ಕಿಬೀಳಲು. ಬಾವನ ಜೇಬಿನಲ್ಲಿ ಮೂರು ದಿನದಲ್ಲಿ ಐದು ಪುಟ್ಟ ಬಾಟಲಿ ಸೇರಿದವು.

ಶನಿವಾರ ಬಸ್ಸಿನಲ್ಲಿ ಬೋಮೋರ್‌ಗೆ ಹೋದೆವು. ಇಲ್ಲಿಯ ಡಿಸ್ಟಿಲರಿ 1779ರದ್ದು. ತಾಮ್ರದ ಹಂಡೆಗಳಿಂದ ಮಿಕ್ಕ ಶಾಖವನ್ನು ಪಕ್ಕದ ಊರ ಈಜುಕೊಳಕ್ಕೆ ಬಿಡುತ್ತಾರೆ. ಬಾವ ಅದರಲ್ಲಿ ಒಂದು ಗಂಟೆ ಈಜಿದರು, ಈಜುಬಟ್ಟೆ ಒಯ್ಯಿರಿ. ಬೀದಿಯ ಮೇಲ್ತುದಿಯಲ್ಲಿ 1767ರ ಗುಂಡನೆಯ ಚರ್ಚು. ಸೈತಾನನಿಗೆ ಅಡಗಲು ಮೂಲೆ ಸಿಗಬಾರದು ಅಂತ ಗುಂಡಗೆ ಕಟ್ಟಿದ್ದಂತೆ. ಸಂಜೆ ಲಾಖ್ ಇಂಡಾಲ್ ದಂಡೆಯಲ್ಲಿ ನಿಂತಾಗ ಗ್ರೀನ್‌ಲ್ಯಾಂಡ್‌ನಿಂದ ಬಂದ ಹೆಬ್ಬಾತುಗಳು ಸಾಲು ಸಾಲಾಗಿ ಇಳಿದವು. ಸಾವಿರ ಸಾವಿರ. ಅವುಗಳ ಗದ್ದಲಕ್ಕೆ ನಮ್ಮ ಮಾತು ನಮಗೇ ಕೇಳಲಿಲ್ಲ. ಬಾವನ ಮುಖ ನೋಡಿ ಟ್ಯಾಕ್ಸಿ ದುಡ್ಡಿನ ಪಾಪ ತೀರಿತು ಅಂದುಕೊಂಡೆ.

ಭಾನುವಾರ ಬಸ್ ಇಲ್ಲ, ಇದು ನೆನಪಿರಲಿ. ಆ ದಿನವನ್ನು ನಡೆಯಲು ಇಟ್ಟುಕೊಳ್ಳಿ. ಪೋರ್ಟ್ ಎಲೆನ್ ಕೊಲ್ಲಿಯ ಆಚೆ ದಡದಲ್ಲಿ 1832ರ ಚೌಕಾಕಾರದ ದೀಪಸ್ತಂಭ ಇದೆ. ಈ ಊರಿಗೆ ಹೆಸರು ಕೊಟ್ಟ ಎಲೆನರ್ ತೀರಿಕೊಂಡಾಗ ಗಂಡ ಕಟ್ಟಿಸಿದ್ದು.

ಊಟದ ವಿಷಯ: ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಸೂಪ್, ಚೀಸ್, ಬೇಯಿಸಿದ ಆಲೂಗೆಡ್ಡೆ, ಮತ್ತೆ ಆಲೂಗೆಡ್ಡೆ. ಅಡುಗೆಮನೆ ಇರುವ ರೂಮ್ ತೆಗೆದುಕೊಳ್ಳಿ. ಅಕ್ಕ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ ನಮ್ಮನ್ನು ಕಾಪಾಡಿತು. ಮೇ ಕೊನೆಯ ವಾರ ವಿಸ್ಕಿ ಹಬ್ಬ, ಆಗ ರೂಮ್ ಸಿಗುವುದು ಕಷ್ಟ. ಬೇಸಿಗೆಯಲ್ಲಿ ನೊರಜಿನಂಥ ಹುಳ ಕಚ್ಚುತ್ತದೆ. ಕೆಲವು ಡಿಸ್ಟಿಲರಿಗಳು ಆಗಲೇ ದುರಸ್ತಿಗೆ ನಿಲ್ಲುತ್ತವೆ ಕೂಡ. ಟೂರ್‌ಗಳನ್ನು ಊರಿನಿಂದಲೇ ಬುಕ್ ಮಾಡಿ. ಒಳ್ಳೆ ಮಳೆ ಕೋಟು ಬೇಕು, ಕೊಡೆ ಒಂದೇ ಗಾಳಿಗೆ ತಿರುಗಿ ನಿಲ್ಲುತ್ತದೆ. ಭಾರತಕ್ಕೆ ತಲೆಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಬಾಟಲಿಗಳನ್ನು ಸ್ವೆಟರ್ ಸುತ್ತಿ ದೊಡ್ಡ ಸೂಟ್‌ಕೇಸಿನಲ್ಲೇ ಇಡಿ.

ಸೋಮವಾರ ಬೆಳಿಗ್ಗೆ ಪೋರ್ಟ್ ಎಲೆನ್‌ನಿಂದಲೇ ಹಡಗು ಹತ್ತಿದೆವು. ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ದಡದಲ್ಲಿ ಬಿಳೀ ಗೋಡೆಗಳು ಒಂದಾದ ಮೇಲೊಂದು ಬಂದವು. ಕಡಲಿನಿಂದ ಓದಲಿ ಎಂದೇ ಕಪ್ಪಕ್ಷರದಲ್ಲಿ ಆಳೆತ್ತರ ಹೆಸರು ಬರೆದಿದ್ದಾರೆ. ಲಾಫ್ರಾಯ್ಗ್, ಲಾಗಾವೂಲಿನ್, ಆರ್ಡ್‌ಬೆಗ್. ಹಡಗಿನಲ್ಲೇ ಹೋಗಿ ಎಂದದ್ದು ಇದಕ್ಕೇ. "ಬರುವಾಗಲೇ ಇದನ್ನ ನೋಡಬಹುದಿತ್ತು" ಎಂದರು ಬಾವ. ಐದು ದಿನದಲ್ಲಿ ಟಿಕೆಟ್ ಬಗ್ಗೆ ಅವರು ಆಡಿದ್ದು ಅದೊಂದೇ ಮಾತು.

ಗ್ಲಾಸ್ಗೋ ತಲುಪಿ ಕೋಟು ಬಿಚ್ಚಿದಾಗ ಗೊತ್ತಾಯಿತು, ಪುಟ್ಟ ಬಾಟಲಿಯೊಂದರ ಮುಚ್ಚಳ ಸಡಿಲವಾಗಿ ಜೇಬೆಲ್ಲ ನೆನೆದಿತ್ತು. ಅಡುಗೆಮನೆಯಿಂದ ಅಕ್ಕ ಓಡಿಬಂದಳು. "ಯಾರಿಗೆ ಗಾಯ ಆಯ್ತು?" ಎಂದಳು.