ಕ್ವಾರಂಟೈನ್ ಮನೆಯ ದನದ ಹಾಲು ಕರೆಯುವವರು ಯಾರು?

2021ರಲ್ಲಿ ಕೋವಿಡಿನ ಎರಡನೇ ಅಲೆ ಬಂದ ಮೇಲೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಕಡೆ ಯಾರ ಮನೆಯಲ್ಲಿ ಪಾಸಿಟಿವ್ ಬಂದ್ರೂ ಮನೆಯವರಿಗೆ ಮೊದಲು ತಲೆಬಿಸಿ ಆಗ್ತಿದ್ದದ್ದು ದನದ ಹಟ್ಟಿದು. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ಮಲಗ್ಬಹುದು, ಗಂಜಿ ಕುಡಿದು ದಿನ ದೂಡ್ಬಹುದು, ಆದ್ರೆ ಕರೆಯುವ ದನವನ್ನು ಹಾಗೇ ಬಿಟ್ರೆ ಕೆಚ್ಚಲು ಬಾತುಕೊಳ್ತದೆ, ಅದಕ್ಕೆ ಹುಲ್ಲು ಬೇಕು, ನೀರು ಬೇಕು, ಸೆಗಣಿ ತೆಗಿಬೇಕು, ಸೊಸೈಟಿಗೆ ಹಾಲು ಕೊಡುವ ಮನೆಯಾದ್ರೆ ತಿಂಗಳ ಖರ್ಚಿಗೆ ಅದೇ ದುಡ್ಡು ಬೇರೆ. ಮನೆಯಲ್ಲಿರುವವರೆಲ್ಲ ಒಟ್ಟಿಗೆ ಮಲಗಿದ್ರೆ ಎಂತ ಮಾಡುದು ಹೇಳಿ.

ನಮ್ಮ ಗುಡ್ಡೆಯ ಆಚೆ ಬದಿ ಒಂದು ಮನೆಯಲ್ಲಿ ಮೇ ತಿಂಗಳಲ್ಲಿ ಹೀಗೇ ಆಯ್ತು. ಗಂಡ ಹೆಂಡತಿ ಮಗ ಎಲ್ಲರಿಗೂ ಬಂತು, ಹೆಂಡತಿಗೆ ಜಾಸ್ತಿ. ಅವರ ಕೆಳಗಿನ ಮನೆಯ ಬ್ಯಾರಿ ಹುಡುಗ, ಗಲ್ಫಿಂದ ಕೆಲಸ ಹೋಗಿ ಊರಿಗೆ ಬಂದವ, ಯಾರೂ ಹೇಳದೆ ಬಂದು ದನ ಎರಡನ್ನೂ ಬಿಚ್ಚಿ ತನ್ನ ಮನೆಯ ಶೆಡ್ಡಿಗೆ ಹೊಡ್ಕೊಂಡು ಹೋದ. ಅವನಿಗೆ ಹಾಲು ಕರೆದು ಗೊತ್ತಿಲ್ಲ, ಅವನ ಅಮ್ಮನಿಗೂ ಗೊತ್ತಿಲ್ಲ, ಹಾಗಾಗಿ ತುಳು ಮಾತಾಡುವ ಇನ್ನೊಂದು ಮನೆಯ ಅಕ್ಕ ಬೆಳಿಗ್ಗೆ ಸಂಜೆ ಹೋಗಿ ಕರೆದು ಕೊಟ್ರು, ಮಾಸ್ಕ್ ಹಾಕಿ, ಮೊದಲೂ ಆಮೇಲೂ ಸೋಪಲ್ಲಿ ಕೈ ತೊಳೆದು. ಹಾಲಿನ ದುಡ್ಡು ಅವರ ಲೆಕ್ಕಕ್ಕೇ ಹೋಯ್ತು, ಒಂದು ಪೈಸೆ ಆಚೀಚೆ ಇಲ್ಲ. ಆ ಮನೆಯವರು ನಂತರ ನನ್ನತ್ರ ಫೋನಲ್ಲಿ ಹೇಳಿದ್ದು, ಡಾಕ್ಟ್ರ ಮಾತಿಗಿಂತ ಹೆಚ್ಚು ಧೈರ್ಯ ಬಂದದ್ದು ಆಚೆ ಶೆಡ್ಡಿಂದ ನಮ್ಮ ದನ ಕೂಗುದು ಕೇಳಿದಾಗ ಅಂತ.

ಅಡಿಕೆಗೆ ಔಷಧಿ ಬಿಡುದೂ ಹಾಗೆಯೇ. ಮಳೆ ಹಿಡಿಯುವ ಮೊದಲು ಬೋರ್ಡೋ ಬಿಡದಿದ್ರೆ ಕೊಳೆರೋಗ ಬಂದು ಎಳೆ ಅಡಿಕೆ ಎಲ್ಲ ಉದುರ್ತದೆ, ವರ್ಷದ ಬೆಳೆ ಹೋಯ್ತು ಅಂತಲೇ ಲೆಕ್ಕ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ಬೇರೆ ಬೇರೆ ಕರಗಿಸಿ ಸೇರಿಸ್ಬೇಕು, ಮರ ಹತ್ತುವವರು ಬೇಕು, ಕೆಳಗೆ ಪೈಪ್ ಹಿಡಿಯುವವರು ಬೇಕು. ಕಾಯಿಲೆ ಬಿದ್ದವನಿಗೆ ಇದೆಲ್ಲ ಹೇಗೆ ಸಾಧ್ಯ. ಆ ವರ್ಷ ನಮ್ಮಲ್ಲಿ ಕೆಲವು ತೋಟಗಳಿಗೆ ಊರವರೇ ಸೇರಿ ಬಿಟ್ಟು ಕೊಟ್ರು. ಮರ ಹತ್ತುವವರಿಗೆ ಸಂಬಳ ಮಾತ್ರ ಸರಿಯಾಗಿ ಕೊಟ್ಟಾಯ್ತು, ಅದು ಮುಖ್ಯ, ಯಾಕಂದ್ರೆ ಲಾಕ್‌ಡೌನಲ್ಲಿ ಅವರಿಗೂ ಕೆಲಸ ಇರ್ಲಿಲ್ಲ, ಸಹಾಯದ ಹೆಸರಲ್ಲಿ ದಿನಗೂಲಿಯವರ ಹೊಟ್ಟೆಗೆ ಹೊಡಿಬಾರ್ದು.

"ಧೈರ್ಯ ತಗೊಳ್ಳಿ, ಎಂತ ಆಗುದಿಲ್ಲ" ಅಂತ ನಾವೆಲ್ಲ ಹೇಳ್ತೇವೆ. ಹೇಳ್ಬೇಕು ಕೂಡ. ಆದ್ರೆ ನಾನು ಕೋವಿಡಿನ ಆ ಒಂದೂವರೆ ವರ್ಷದಲ್ಲಿ ಕಂಡದ್ದು ಎಂತ ಅಂದ್ರೆ, ಮಲಗಿದವರ ತಲೆಯಲ್ಲಿ ಒಂದು ನಿರ್ದಿಷ್ಟ ಚಿಂತೆ ಇರ್ತದೆ, ದನದ್ದೋ ಮಾತ್ರೆದೋ ಮಗುವಿನ ಕ್ಲಾಸಿದೋ, ಅದನ್ನು ಕೇಳಿ ತಿಳ್ಕೊಂಡು ಯಾರಾದ್ರೂ ಅಷ್ಟನ್ನು ಎತ್ತಿಕೊಂಡ್ರೆ ಅವರ ಸ್ವರವೇ ಬದಲಾಗ್ತದೆ.

ಅದರ ಹಿಂದಿನ ವರ್ಷದ್ದು ನೆನಪು ಮಾಡಿದ್ರೆ ಈಗಲೂ ಎದೆ ಹಿಂಡ್ತದೆ. 2020ರ ಫೆಬ್ರವರಿ ಆರಂಭದಲ್ಲೇ ದೇಶದ ಮೂರನೇ ಕೇಸು ನಮ್ಮ ಕಾಞಂಗಾಡಲ್ಲಿ ಸಿಕ್ಕಿತ್ತು, ವುಹಾನಿಂದ ಬಂದ ವಿದ್ಯಾರ್ಥಿ, ಗುಣ ಆಗಿ ಮನೆಗೆ ಹೋದ್ರು. ಮಾರ್ಚಲ್ಲಿ ದುಬೈಯಿಂದ ಬಂದವರಲ್ಲಿ ಒಬ್ಬೊಬ್ಬರಿಗೇ ಬರ್ಲಿಕ್ಕೆ ಶುರುವಾದಾಗ ಇಡೀ ದೇಶ ಕಾಸರಗೋಡಿನವರನ್ನೇ ದೂರ ನಿಲ್ಲಿಸಿ ನೋಡಿತು. ಮಂಗಳೂರು ದಾರಿಯ ತಲಪಾಡಿ ಗಡಿ ಬಂದ್ ಆಯ್ತು, ಒಳರಸ್ತೆಗಳಿಗೆ ಮಣ್ಣು ತಂದು ಸುರಿದಾಯ್ತು. ನಮಗೆ ಡಯಾಲಿಸಿಸ್ ಅಂದ್ರೆ ಮಂಗಳೂರು, ಹಾರ್ಟ್ ಅಂದ್ರೆ ಮಂಗಳೂರು, ಹೆರಿಗೆ ಕಷ್ಟ ಆದ್ರೂ ಮಂಗಳೂರು, ಅದು ಎಷ್ಟೋ ತಲೆಮಾರಿನ ರೂಢಿ. ಆಂಬುಲೆನ್ಸನ್ನು ಗಡಿಯಿಂದ ವಾಪಸ್ ಕಳಿಸಿ ದಾರಿಯಲ್ಲೇ ತೀರಿಕೊಂಡವರ ಸುದ್ದಿ ಬರ್ತಿತ್ತು. ವಿಷಯ ಕೇರಳ ಹೈಕೋರ್ಟಿಗೆ ಹೋಗಿ ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ಕ್ಕೆ ರೋಗಿಗಳನ್ನು ತಲಪಾಡಿಯಲ್ಲಿ ಬಿಡುದು ಅಂತ ಎರಡು ಸರ್ಕಾರ ಒಪ್ಪಿದ ಮೇಲೆ ಸ್ವಲ್ಪ ಉಸಿರು ಬಿಟ್ಟದ್ದು. ಅಷ್ಟರೊಳಗೆ ಹೋದವರು ಹೋಗಿಯಾಗಿತ್ತು. ಅದನ್ನು ನಾನು ಮರೆತು ಬರೆಯುದಿಲ್ಲ.

ಆದ್ರೆ ಅದೇ ದಿನಗಳಲ್ಲಿ ಇನ್ನೊಂದೂ ನಡೀತಿತ್ತು. ಮಂಗಳೂರಲ್ಲಿ ಮಾತ್ರ ಸಿಗುವ ಮಾತ್ರೆ ಬೇಕಾದವರಿಗೆ ಆ ಕಡೆಯ ಸಂಬಂಧಿಕರು ಗಡಿವರೆಗೆ ತಂದು ಕೊಡುದು, ಈ ಕಡೆಯವರು ತಗೊಳ್ಳುದು, ಮಧ್ಯದಲ್ಲಿ ನಿಂತ ಪೊಲೀಸರು ಕೂಡ ಎಷ್ಟೋ ಸಲ ಕೈ ದಾಟಿಸಿ ಕೊಟ್ಟಿದ್ದಾರೆ. ಕೇರಳದ ಒಳಗಿಂದ ಬರ್ಬೇಕಾದ ಔಷಧಿ ಆದ್ರೆ 101ಕ್ಕೆ ಫೋನ್ ಮಾಡಿದ್ರೆ ಫೈರ್‌ಫೋರ್ಸಿನವರು ಸ್ಟೇಷನ್ನಿಂದ ಸ್ಟೇಷನ್ನಿಗೆ ದಾಟಿಸಿ ಮನೆಗೆ ಮುಟ್ಟಿಸಿದ್ರು, ನನ್ನ ಅಮ್ಮನ ಮಾತ್ರೆ ಹಾಗೇ ಬಂದದ್ದು. ಕುಟುಂಬಶ್ರೀಯವರು, ಅಂದ್ರೆ ಕೇರಳದ ಮಹಿಳಾ ಸ್ವಸಹಾಯ ಸಂಘದವರು, ಪಂಚಾಯತಿನ ಕಮ್ಯೂನಿಟಿ ಕಿಚನಲ್ಲಿ ಬೇಯಿಸಿದ್ರು, 20 ರೂಪಾಯಿಗೆ ಊಟ, ಕೊಡ್ಲಿಕ್ಕೆ ಇಲ್ಲದವರಿಗೆ ಫ್ರೀ. ಹೊರರಾಜ್ಯದ ಕೆಲಸದವರಿಗೂ ಅಲ್ಲಿಂದಲೇ ಹೋಯ್ತು.

ಮತ್ತೆ ನಮ್ಮ ಜಿಲ್ಲೆಯ ಉಕ್ಕಿನಡ್ಕ. 2013ರಲ್ಲಿ ಅಡಿಗಲ್ಲು ಹಾಕಿ ಹಾಗೇ ಎಳೀತಾ ಇದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಕೆಲವೇ ದಿನದಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ರು, ತಿರುವನಂತಪುರದಿಂದ ಡಾಕ್ಟರ್ ನರ್ಸುಗಳ ತಂಡ ಅಷ್ಟು ದೂರ ಬಂದು ನಿಂತಿತು. ಮೇ 10ರ ಹೊತ್ತಿಗೆ ಜಿಲ್ಲೆಯ 178 ಜನವೂ ಗುಣ ಆದ್ರು, ಒಬ್ಬರನ್ನೂ ಕಳ್ಕೊಳ್ಳಲಿಲ್ಲ. ನಮ್ಮನ್ನು ದೂರ ನಿಲ್ಲಿಸಿ ನೋಡಿದವರೇ ಆಮೇಲೆ ಹೊಗಳಿ ಬರೆದ್ರು!

ನಮ್ಮ ಕನ್ನಡದವರ ಒಂದು ಕಷ್ಟ ಬೇರೆಯೇ ಇತ್ತು. ಆಗ ಕೇರಳದ ಮುಖ್ಯಮಂತ್ರಿಗಳ ಸಂಜೆಯ ಕೋವಿಡ್ ಪತ್ರಿಕಾಗೋಷ್ಠಿ ಮಲಯಾಳದಲ್ಲಿ, ಹೆಚ್ಚಿನ ಆರ್ಡರುಗಳೂ ಮಲಯಾಳದಲ್ಲಿ, ಗಡಿಯಾಚೆಯ ಕನ್ನಡ ಚಾನೆಲ್ ಹಾಕಿದ್ರೆ ಅಲ್ಲಿಯ ರೂಲ್ಸ್ ನಮ್ಮದಲ್ಲ. ಮನೆಯಲ್ಲಿರುವ ಅಜ್ಜ ಅಜ್ಜಿಯರಿಗೆ ಎರಡೂ ಸೇರಿ ಕಲಸುಮೇಲೋಗರ, ಅದರ ಮೇಲೆ ವಾಟ್ಸಾಪಿನ ಸುಳ್ಳುಗಳು. ಆಗ ನಮ್ಮಲ್ಲಿ ಮಲಯಾಳ ಚೆನ್ನಾಗಿ ಬರುವ ಒಬ್ಬ ಟೀಚರ್ ದಿನಾ ರಾತ್ರಿ ವಾಯ್ಸ್ ಮೆಸೇಜ್ ಕಳಿಸ್ಲಿಕ್ಕೆ ಶುರು ಮಾಡಿದ್ರು, ಇವತ್ತು ಎಷ್ಟು ಕೇಸು, ನಾಳೆ ಯಾವ ಅಂಗಡಿ ಎಷ್ಟು ಗಂಟೆವರೆಗೆ, ರೇಷನ್ ಕಿಟ್ ಯಾವ ಕಾರ್ಡಿಗೆ ಯಾವಾಗ, ಅಷ್ಟೇ, ಭಯ ಹುಟ್ಟಿಸುವ ಒಂದು ಮಾತೂ ಇಲ್ಲ, ಸುಳ್ಳು ಸಮಾಧಾನವೂ ಇಲ್ಲ. ರಾತ್ರಿ ಅದನ್ನು ಕೇಳಿದ ಮೇಲೆಯೇ ಮಲಗುವವರು ಎಷ್ಟೋ ಜನ ಇದ್ರು. ನಿಜವಾದ ಸುದ್ದಿಯನ್ನು ಅರ್ಥ ಆಗುವ ಹಾಗೆ ಹೇಳುದು ಔಷಧಿ ಕೊಟ್ಟಷ್ಟೇ ಉಪಕಾರ ಅಂತ ನನಗೆ ಗಟ್ಟಿಯಾಗಿ ಅನಿಸ್ತದೆ.

2021ರದ್ದು ಹಾಗಲ್ಲ. ಆ ಸಲ ಗೊತ್ತಿದ್ದವರೇ ಹೋದ್ರು. ಆಕ್ಸಿಜನ್ನಿಗೆ ತತ್ವಾರ ಆಗಿ ಜಿಲ್ಲಾಡಳಿತವೇ ಸಿಲಿಂಡರ್ ಕೊಡಿ ಅಂತ ಜನರತ್ರ ಕೇಳ್ಬೇಕಾಯ್ತು. ಬೊಜ್ಜಕ್ಕೆ, ಅಂದ್ರೆ ಸತ್ತವರ ಉತ್ತರಕ್ರಿಯೆಗೆ, ಹೋಗ್ಲಿಕ್ಕೆ ಇರ್ಲಿಲ್ಲ, ಮನೆಗೆ ಹೋಗಿ ಒಟ್ಟಿಗೆ ಕೂತು ಅಳ್ಲಿಕ್ಕೂ ಇರ್ಲಿಲ್ಲ. ಅಂಥ ಮನೆಗಳಿಗೆ ಫೋನ್ ಮಾಡುವವರತ್ರ ನನ್ನದೊಂದು ವಿನಂತಿ, ಎಲ್ಲಿಂದ ಬಂತು, ಯಾರಿಂದ ಬಂತು, ಮೊದಲೇ ಆಸ್ಪತ್ರೆಗೆ ಹೋಗ್ಬಹುದಿತ್ತಲ್ಲ ಅಂತ ಕೇಳ್ಬೇಡಿ. ಹೋದವರ ಬಗ್ಗೆ ಮಾತಾಡಿ, ಅವರು ಯಕ್ಷಗಾನಕ್ಕೆ ಹೋಗ್ತಿದ್ದದ್ದು, ಅವರ ಕೈಯ ಸಾಂಬಾರು, ಏನಾದ್ರೂ. ಮೊದಲ ವಾರ ಎಲ್ಲರೂ ಫೋನ್ ಮಾಡ್ತಾರೆ, ಮೂರನೇ ವಾರ ಯಾರೂ ಮಾಡುದಿಲ್ಲ, ಆಗ ಮಾಡಿ.

ಗೇರು ತೋಟಕ್ಕೆ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳ ಅಮ್ಮಂದಿರನ್ನೂ ಮರೀಬೇಡಿ. ಅಂಥ ಮಕ್ಕಳ ವಿಶೇಷ ಶಾಲೆಯಾದ ಬಡ್ಸ್ ಶಾಲೆ ಮುಚ್ಚಿ ಆಗಲೇ ಒಂದು ವರ್ಷ ಕಳೆದಿತ್ತು, ಹಗಲು ನಾಲ್ಕು ಗಂಟೆ ಸಿಗ್ತಿದ್ದ ಬಿಡುವೂ ಹೋಗಿತ್ತು. ಹೊರಗೆ ಹೋದ್ರೆ ರೋಗ ತಂದು ಮಗುವಿಗೆ ಕೊಟ್ಟೇನೋ ಅನ್ನುವ ಹೆದರಿಕೆಯಲ್ಲಿ ಅಂಗಡಿಗೂ ಹೋಗದವರಿದ್ರು. ಅವರಿಗೆ ಸಾಮಾನು ತಂದು ಕೊಡುವವರು ಬೇಕಿತ್ತು, ಒಂದು ದಿನಕ್ಕಲ್ಲ, ಪ್ರತಿ ವಾರ.

ಇನ್ನು ಆಗಿನ ಸಣ್ಣ ವಿಷಯಗಳು. ನಮ್ಮ ವಾರ್ಡಿನ ಆಕ್ಸಿಮೀಟರ್ ಆಶಾ ಕಾರ್ಯಕರ್ತೆಯ ಹತ್ರ ಇತ್ತು, ತಗೊಂಡು ಹೋದವರು ಸ್ಯಾನಿಟೈಸರಲ್ಲಿ ಒರೆಸಿ ವಾಪಸ್ ಕೊಡ್ಬೇಕಿತ್ತು, ಇನ್ನೊಂದು ಮನೆಗೆ ಬೇಕಾಗ್ತಿತ್ತು. ಬೆರಳಲ್ಲಿ 94ಕ್ಕಿಂತ ಕೆಳಗೆ ತೋರಿಸಿದ್ರೆ ನಾಳೆ ನೋಡುವ ಅಂತ ಕೂರ್ಲಿಕ್ಕಿರ್ಲಿಲ್ಲ, ಕೂಡ್ಲೇ ಅವರಿಗೆ ಫೋನ್ ಮಾಡ್ಬೇಕಿತ್ತು, ಇಲ್ಲದಿದ್ರೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ. ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಆಗಿ 84 ದಿನ ಕಳೆದವರು, ಸ್ಲಾಟ್ ಬುಕ್ ಮಾಡ್ಲಿಕ್ಕೆ ಗೊತ್ತಾಗದಿದ್ರೆ ಆಧಾರ್ ಕಾರ್ಡ್ ಹಿಡ್ಕೊಂಡು ಲೈಬ್ರರಿ ಜಗಲಿಗೆ ಬರ್ಬಹುದಿತ್ತು, ಸಂಜೆ ಐದರ ನಂತರ ಹುಡುಗರು ಅಲ್ಲೇ ಇರ್ತಿದ್ರು. ನಡೀಲಿಕ್ಕೆ ಆಗದ ಹಿರಿಯರನ್ನು ಕರ್ಕೊಂಡು ಹೋಗ್ಲಿಕ್ಕೆ ಜೀಪು ಇತ್ತು, ಡೀಸೆಲಿನ ದುಡ್ಡು ಯಾರೂ ಕೇಳ್ತಿರ್ಲಿಲ್ಲ. ಎರಡನೇ ಸಲದ ಬೋರ್ಡೋ ಬಿಡುವ ಸಮಯ ಹತ್ರ ಬಂದಾಗ, ಯಾರ ತೋಟಕ್ಕೆ ಜನ ಬೇಕೋ ಅವರು ಮೊದಲೇ ಹೇಳಿಡ್ಬೇಕಿತ್ತು, ಮಳೆ ಎರಡು ದಿನ ಬಿಟ್ರೆ ಕೂಡ್ಲೇ ಶುರು ಮಾಡ್ಬೇಕಿತ್ತು.