ಇಲ್ಲಿಗೆ ಬರೋದು ಬೇಡ

ಶನಿವಾರ ಬೆಳಗ್ಗೆ ಅಜ್ಜ ಹೇಳಿದ ಮಾತು ಗುರುವಾರವಾದರೂ ನನ್ನ ತಲೆಯಿಂದ ಹೋಗಿಲ್ಲ. ಆಫೀಸಿನ ಮೀಟಿಂಗ್ ಮಧ್ಯೆ, ಪಾತ್ರೆ ತೊಳೆಯುವಾಗ, ಮಗಳನ್ನು ಈಜು ಕ್ಲಾಸಿಗೆ ಬಿಡಲು ಹೋದಾಗ, ಮತ್ತೆ ಮತ್ತೆ ಅದೇ ಮಾತು. "ಚೆನ್ನಾಗಿವೆ. ಆದರೆ ಇಲ್ಲಿಗೆ ಬರೋದು ಬೇಡ."

ಅಜ್ಜ ಅಂದರೆ ನನ್ನ ಸ್ವಂತ ಅಜ್ಜ ಅಲ್ಲ, ಅಮೆರಿಕದ ಕೊಲೊರಾಡೊ ರಾಜ್ಯದ ಲಾಂಗ್‌ಮಾಂಟ್‌ನಲ್ಲಿ ನಮ್ಮ ಪಕ್ಕದ ಮನೆಯವರು. ನಮ್ಮ ಮಕ್ಕಳು ಹಾಗೆ ಕರೆಯಲು ಶುರು ಮಾಡಿ, ಈಗ ಅವರ ಹೆಂಡತಿಯೂ ತಮಾಷೆಗೆ ಹಾಗೇ ಕರೆಯುತ್ತಾರೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಅವರು ಬಿಲ್ಲು ಹಿಡಿದು ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾರೆ. ಕೊಲೊರಾಡೊದಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ 2ರಿಂದ 30ರವರೆಗೆ. ಜೊತೆಗೆ ಅವರ ಅಳಿಯ. ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಅವರಿಬ್ಬರದು. ನಾನು ಬಿಲ್ಲು ಮುಟ್ಟಲ್ಲ, ಮಾಂಸ ಹೊರುತ್ತೇನೆ. ನನಗೆ ಆ ಕೆಲಸ ಇಷ್ಟ. ಬೆನ್ನು ಗಟ್ಟಿ ಇದೆ, ಕಾಡು ಕಂಡರೆ ಆಸೆ ಇದೆ, ಕೊನೆಗೆ ಮನೆಗೆ ಒಂದು ಪಾಲು ಬರುತ್ತದೆ.

ಆಗಸ್ಟ್‌ನಲ್ಲಿ ಹೋಗುವುದು ಬರೀ ನೋಡಿಕೊಂಡು ಬರಲು. ಎಲ್ಕ್ ಎಲ್ಲಿ ಮೇಯುತ್ತಿವೆ, ಹಗಲು ಎಲ್ಲಿ ಮಲಗುತ್ತವೆ, ನೀರು ಎಲ್ಲಿದೆ, ಟೆಂಟ್ ಎಲ್ಲಿ ಹಾಕಬೇಕು, ಇಷ್ಟು ಗೊತ್ತುಮಾಡಿಕೊಳ್ಳಬೇಕು. ಈ ಸಲ ಯಾಂಪಾ ಊರಿನ ಕಡೆಯಿಂದ ಸ್ಟಿಲ್‌ವಾಟರ್ ಜಲಾಶಯದವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ಫ್ಲಾಟ್ ಟಾಪ್ಸ್ ಕಾಡಿನೊಳಗೆ ನಡೆದೆವು. ಜಲಾಶಯವೇ ಸಮುದ್ರಮಟ್ಟದಿಂದ ಹತ್ತು ಸಾವಿರ ಅಡಿ ಮೇಲಿದೆ. ಮೊದಲ ಏರಿಗೇ ಉಸಿರು ಸಿಕ್ಕಿಕೊಳ್ಳುತ್ತದೆ. ಅಲ್ಲಿಂದಾಚೆ ಯಾವ ಕಣಿವೆಗೆ ಹೋದೆವು ಅಂತ ಬರೆಯಲ್ಲ, ಬರೆದರೆ ಅಜ್ಜ ನನ್ನ ಜೊತೆ ಮಾತು ಬಿಡುತ್ತಾರೆ.

ಟೆಂಟ್ ಜಾಗ ಹುಡುಕುವಾಗ ಅಜ್ಜ ನೆಲ ನೋಡುವ ಮೊದಲು ತಲೆ ಎತ್ತಿ ಮರ ನೋಡುತ್ತಾರೆ. ಫ್ಲಾಟ್ ಟಾಪ್ಸ್‌ನಲ್ಲಿ ಒಣಗಿ ನಿಂತ ಸ್ಪ್ರೂಸ್ ಮರಗಳು ಲೆಕ್ಕವಿಲ್ಲದಷ್ಟು. 1939ರಲ್ಲಿ ಒಂದು ದೊಡ್ಡ ಬಿರುಗಾಳಿ ಮರಗಳನ್ನು ಉರುಳಿಸಿತು, ಬಿದ್ದ ಮರಗಳಲ್ಲಿ ತೊಗಟೆ ಹುಳ ಹುಟ್ಟಿಕೊಂಡು 1940ರ ದಶಕದಲ್ಲಿ ನಿಂತ ಕಾಡನ್ನೂ ತಿಂದುಹಾಕಿತು. ಆಗ ಸತ್ತ ಮರಗಳಲ್ಲಿ ಕೆಲವು ಇನ್ನೂ ಬೂದು ಬಣ್ಣಕ್ಕೆ ತಿರುಗಿ ನಿಂತಿವೆ. ಗಾಳಿ ಬಂದರೆ ಯಾವ ಗಳಿಗೆಯಲ್ಲಾದರೂ ಬೀಳಬಹುದು. ನೋಡಿದರೆ ಹಾಸಿಗೆ ಹಾಸಿದಂಥ ಸಮತಟ್ಟು ಜಾಗ, ಪಕ್ಕದಲ್ಲೇ ಹಳ್ಳ, ಅಳಿಯ ಬ್ಯಾಗ್ ಇಳಿಸಿಯೂ ಆಗಿತ್ತು. ಅಜ್ಜ ಎರಡು ಒಣಮರ ತೋರಿಸಿ ಮುಂದೆ ನಡೆದರು. ನೀರಿಗೆ ಅಷ್ಟು ಹತ್ತಿರ ಟೆಂಟ್ ಹಾಕುವುದೂ ಸರಿಯಲ್ಲ, ಇನ್ನೂರು ಅಡಿಯಾದರೂ ದೂರ ಇರಬೇಕು.

ಆಮೇಲೆ ಗಾಳಿಯ ಲೆಕ್ಕ. ಬೆಳಗಿನ ಜಾವ ತಣ್ಣನೆ ಗಾಳಿ ಗುಡ್ಡದಿಂದ ಕೆಳಗಿಳಿಯುತ್ತದೆ. ಬಿಸಿಲು ಏರಿದ ಮೇಲೆ ಮೇಲಕ್ಕೆ ಹತ್ತುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಎಲ್ಕ್‌ಗೆ ಕಣ್ಣು ತಪ್ಪಿಸಬಹುದು, ಮೂಗು ತಪ್ಪಿಸಲು ಆಗಲ್ಲ. ಟೆಂಟ್‌ನ ಹೊಗೆ, ನಮ್ಮ ಬೆವರು, ಕಾಫಿ ವಾಸನೆ, ಎಲ್ಲವೂ ಸಂಜೆಯ ಗಾಳಿಯ ಜೊತೆ ಕೆಳಗಿನ ಹುಲ್ಲುಗಾವಲಿಗೆ ಇಳಿದರೆ ಅಲ್ಲಿ ಮೇಯಲು ಬರುವ ಹಿಂಡು ಮತ್ತೆ ಆ ಕಡೆ ಸುಳಿಯಲ್ಲ. ಕೊನೆಗೆ ಒಂದು ದಿಬ್ಬದ ಮರೆಯಲ್ಲಿ ಜಾಗ ಸಿಕ್ಕಿತು. ಉತ್ತರಕ್ಕೆ ಮುಖ ಮಾಡಿದ ನೆರಳು, ಹಳ್ಳದಿಂದ ಏಳುವ ತಂಪು. ಮಾಂಸ ನೇತುಹಾಕಲು ಅಜ್ಜ ಒಂದು ಕೊಂಬೆ ಗುರುತು ಮಾಡಿದರು. ಟೆಂಟ್‌ಗೂ ಅದಕ್ಕೂ ಸಾಕಷ್ಟು ದೂರ ಇರಬೇಕು, ಕರಡಿ ಬಂದರೆ ನಮ್ಮ ತಲೆಯ ಹತ್ತಿರ ಬರಬಾರದು. ಊಟದ ಸಾಮಾನು ಕಟ್ಟಲು ಬೇರೆ ಮರ.

ಇದನ್ನೆಲ್ಲ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಇನ್ನೂ ಒಂದು ಎಲ್ಕ್ ಕೂಡ ಕಂಡಿರಲಿಲ್ಲ, ಆಗಲೇ ಅಜ್ಜ ಮಾಂಸ ಎಲ್ಲಿ ತೂಗುಹಾಕಬೇಕು ಅಂತ ನೋಡಿ ಮುಗಿಸಿದ್ದರು.

ಶನಿವಾರ ಕತ್ತಲೆ ಇರುವಾಗಲೇ ಎದ್ದು ದಿಬ್ಬದ ಅಂಚಿಗೆ ಹೋಗಿ ಕೂತೆವು. ಆ ಕಡೆ ಕೆಳಗೆ ಇನ್ನೊಂದು ಕಣಿವೆ. ಬೆಳಕು ಬಂದಂತೆ ಮೊದಲು ಕಂಡದ್ದು ಹುಲ್ಲಿನ ನಡುವೆ ಕೆಂದು ಬಣ್ಣ. ಬೈನಾಕ್ಯುಲರ್ ಹಾಕಿದರೆ ಗಂಡು ಎಲ್ಕ್‌ಗಳು, ಒಂದಲ್ಲ ಎರಡಲ್ಲ, ಒಂದು ಗುಂಪೇ. ಆಗಸ್ಟ್ ಮೊದಲ ವಾರಗಳಲ್ಲಿ ಕೊಂಬಿನ ಮೇಲೆ ಇನ್ನೂ ಮೆತ್ತನೆ ತುಪ್ಪಳದ ಚರ್ಮ ಇರುತ್ತದೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ಕೊಂಬಿನ ಅಂಚೆಲ್ಲ ಹೊಳೆಯುತ್ತಿತ್ತು. ನಮ್ಮ ಕಡವೆಗೆ ಇವು ಹತ್ತಿರದ ಬಳಗ, ಆದರೆ ಕೊಂಬಿನ ಹರವು ನೋಡಿದರೆ ಎದೆ ಝಲ್ಲೆನ್ನುತ್ತದೆ. ದೊಡ್ಡದೊಂದು ಕತ್ತು ತಿರುಗಿಸಿ ಬೆನ್ನು ಕೆರೆದುಕೊಂಡಿತು. ಅಳಿಯನ ಕೈ ನಡುಗುತ್ತಿದ್ದುದನ್ನು ನಾನು ನೋಡಿದೆ.

ಅಜ್ಜ ತುಂಬಾ ಹೊತ್ತು ನೋಡಿದರು. ನಮ್ಮೆಲ್ಲರಿಗಿಂತ ಜಾಸ್ತಿ ಹೊತ್ತು. ಆಮೇಲೆ ಬೈನಾಕ್ಯುಲರ್ ಇಳಿಸಿ ಹೇಳಿದರು. "ಚೆನ್ನಾಗಿವೆ. ಆದರೆ ಇಲ್ಲಿಗೆ ಬರೋದು ಬೇಡ."

"ಯಾಕೆ?" ಅಂದ ಅಳಿಯ.

"ಇಲ್ಲಿಂದ ಹೊತ್ತು ತರೋಕಾಗಲ್ಲ."

"ತರ್ತೀವಿ. ಮೂರು ಜನ ಇದ್ದೀವಲ್ಲ."

"ಇವತ್ತು ತರ್ತೀವಿ ಅಂತೀಯ. ಹೊಡೆದ ಮೇಲೆ ತರಲೇಬೇಕು."

ಇಷ್ಟೇ. ಆಮೇಲೆ ಫೋನಿನ ಮ್ಯಾಪ್ ತೆಗೆದು, ನಾವು ಕೂತಿದ್ದ ದಿಬ್ಬದ ಅಂಚಿನ ಉದ್ದಕ್ಕೂ ಬೆರಳಿನಲ್ಲಿ ಒಂದು ಗೆರೆ ಎಳೆದು ಸೇವ್ ಮಾಡಿದರು. ಗೆರೆಯ ಈ ಕಡೆ ಬೇಟೆ. ಆ ಕಡೆ ಇಲ್ಲ. ಅಳಿಯ ಕೆಳಗಿಳಿಯುವವರೆಗೆ ಒಂದು ಮಾತೂ ಆಡಲಿಲ್ಲ. ಮುನಿಸಿಕೊಂಡಿದ್ದ. ನನಗೂ ಆ ಗಳಿಗೆಯಲ್ಲಿ ಅಜ್ಜ ಜಾಸ್ತಿ ಮಾಡಿದರು ಅನ್ನಿಸಿತ್ತು.

ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಬೆಳೆದ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ. ಮೂಳೆ ಬಿಡಿಸಿದರೂ ಹೊರಬೇಕಾದ ಮಾಂಸ ನೂರು ಕಿಲೋ ಆಸುಪಾಸು. ಆ ಕಣಿವೆಯ ತಳದಿಂದ ದಿಬ್ಬಕ್ಕೆ ಕಡಿದಾದ ಏರು, ದಿಬ್ಬದಿಂದ ಟೆಂಟ್, ಟೆಂಟ್‌ನಿಂದ ಗಾಡಿ. ಒಂದೇ ಸಲಕ್ಕೆ ಯಾರ ಬೆನ್ನೂ ತಾಳಲ್ಲ, ಎರಡು ಸಲ ಹೋಗಿ ಬರಬೇಕು. ಚಕ್ರದ ಗಾಡಿ ತಳ್ಳಿಕೊಂಡು ಹೋಗೋಣ ಅಂದರೆ 1964ರ ಕಾಯ್ದೆಯ ಕೆಳಗೆ ಕಾಪಾಡಿದ ಇಂಥ ಕಾಡಿನೊಳಗೆ ಮೋಟಾರೂ ಇಲ್ಲ, ಸೈಕಲ್ಲೂ ಇಲ್ಲ, ಕೈಗಾಡಿಯೂ ಇಲ್ಲ. ಸೆಪ್ಟೆಂಬರ್ ಮೊದಲ ವಾರ ಮಧ್ಯಾಹ್ನದ ಬಿಸಿಲು ಇನ್ನೂ ಚುರುಕಾಗಿರುತ್ತದೆ. ಎಲ್ಕ್‌ನ ಚರ್ಮ ದಪ್ಪ, ಮೈ ದೊಡ್ಡದು, ಒಳಗಿನ ಬಿಸಿ ಬೇಗ ಹೋಗಲ್ಲ. ಹಿಂಗಾಲಿನ ಸಂದಿಯಲ್ಲಿ, ಮೂಳೆಯ ಸುತ್ತ, ಮೊದಲು ಕೆಡುತ್ತದೆ. ಒಂದು ಹಿಂಗಾಲು ಕೆಟ್ಟರೆ ಎಷ್ಟು ಮಾಂಸ ಹೋಯಿತು ಅಂತ ಹೊತ್ತವನಿಗೆ ಗೊತ್ತು. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬರುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ. ಅಜ್ಜನಿಗೆ ಅದು ಕಾನೂನಿಗಿಂತ ಮೊದಲು ನಾಚಿಕೆಯ ವಿಷಯ.

ಅಳಿಯನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಕೆಟ್ಟವನಲ್ಲ, ಆಸೆಬುರುಕನೂ ಅಲ್ಲ. ಎಲೆಕ್ಟ್ರಿಷಿಯನ್, ವರ್ಷವಿಡೀ ಕೆಲಸ, ಮನೆಯಲ್ಲಿ ಪುಟ್ಟ ಮಕ್ಕಳು. ಬೇಟೆಗೆ ಅವನಿಗೆ ಸಿಗುವುದು ಒಂದೇ ವಾರದ ರಜೆ. ಆ ವಾರಕ್ಕಾಗಿ ಬೇಸಿಗೆಯೆಲ್ಲ ಸಂಜೆ ಹಿತ್ತಲಲ್ಲಿ ಬಾಣ ಬಿಟ್ಟು ಅಭ್ಯಾಸ ಮಾಡುತ್ತಾನೆ. ಅಂಥವನ ಕಣ್ಣೆದುರು ಅಷ್ಟು ಗಂಡುಗಳನ್ನು ತೋರಿಸಿ ಬೇಡ ಅಂದರೆ ಸಂಕಟ ಆಗದೆ ಇರುತ್ತದಾ? ಅಜ್ಜ ಇನ್ನೊಂದು ಮಾತನ್ನು ಅವನಿಗೆ ಅಲ್ಲೇ ಹೇಳಬಹುದಿತ್ತು, ನನಗೆ ಕಾರಿನಲ್ಲಿ ಹೇಳಿದರು. ಆಗಸ್ಟ್‌ನಲ್ಲಿ ಗಂಡುಗಳು ಬೇರೆಯೇ ಗುಂಪು ಕಟ್ಟಿಕೊಂಡು ಎತ್ತರದಲ್ಲಿರುತ್ತವೆ. ಸೆಪ್ಟೆಂಬರ್ ಬಂದಂತೆ ಗುಂಪು ಒಡೆದು, ಕೂಗು ಹಾಕುತ್ತಾ ಹೆಣ್ಣುಗಳ ಹಿಂದೆ ಹೋಗುತ್ತವೆ. ಈಗ ಕಂಡ ಜಾಗದಲ್ಲೇ ಆಗಲೂ ಇರುತ್ತವೆ ಅಂತ ನಂಬಬಾರದು. ನಮ್ಮ ಟೆಂಟ್‌ನ ಕೆಳಗಿನ ಹುಲ್ಲುಗಾವಲಿನ ಅಂಚಿನಲ್ಲಿ ಹೆಣ್ಣು, ಮರಿಗಳ ಹೆಜ್ಜೆ, ಹಸಿ ಹಿಕ್ಕೆ ಬೇಕಾದಷ್ಟಿತ್ತು. ಎಲ್ಕ್‌ಗಳು ಹೊರಳುವ ಕೆಸರು ಗುಂಡಿಯೂ ಇತ್ತು. ಅಜ್ಜನ ಮನಸ್ಸು ಅಲ್ಲಿದೆ. ಇದನ್ನು ಅಳಿಯನಿಗೆ ಬಿಡಿಸಿ ಹೇಳದೆ ಗೆರೆ ಎಳೆದದ್ದು ನನಗೆ ಸರಿ ಕಾಣಲಿಲ್ಲ. ಅಜ್ಜನಿಗೆ ವಿವರಿಸುವ ಅಭ್ಯಾಸ ಇಲ್ಲ, ಹೇಳಿದ್ದನ್ನು ಎಲ್ಲರೂ ಕೇಳಬೇಕು ಅಷ್ಟೇ.

ನಾನು ಕೊಪ್ಪದ ಕಡೆಯವನು. ನಮ್ಮ ಮನೆಯಲ್ಲಿ ತೋಟದ ಕೋವಿ ಇತ್ತು, ನನ್ನ ನಿಜವಾದ ಅಜ್ಜ 1972ರ ವನ್ಯಜೀವಿ ಕಾಯ್ದೆ ಬರುವ ಮೊದಲಿನ ಶಿಕಾರಿ ಕಥೆಗಳನ್ನು ಜಗಲಿಯಲ್ಲಿ ಕೂತು ಹೇಳುತ್ತಿದ್ದರು. ನಾಯಿ ಬಿಟ್ಟು ಕಾಡು ಸೋವುವುದು, ಈಡು ಬಿದ್ದ ಮೇಲೆ ಪಾಲು ಹಾಕುವುದು, ಹೊಡೆದವನಿಗೆ ಇಷ್ಟು, ಸೋವಿಗೆ ಬಂದವರಿಗೆ ಇಷ್ಟು, ನಾಯಿಗೂ ಒಂದು ಪಾಲು. ಆ ಕಥೆಗಳಲ್ಲಿ ಹೊಡೆದ ಪ್ರಾಣಿ ಯಾವಾಗಲೂ ಮನೆಗೆ ಬರುತ್ತಿತ್ತು. ಗಾಯಗೊಂಡು ಓಡಿದ್ದು, ಹುಡುಕಿದರೂ ಸಿಗದೆ ಹಳುವಿನಲ್ಲಿ ಕೊಳೆತದ್ದು ಯಾವ ಕಥೆಯಲ್ಲೂ ಇರಲಿಲ್ಲ. ಇರಲೇಬೇಕಲ್ವಾ? ಯಾರೂ ಅದನ್ನು ಜಗಲಿಗೆ ತರುತ್ತಿರಲಿಲ್ಲ. ನಮ್ಮೂರಲ್ಲಿ ಆಗ ಬೇಡ ಅನ್ನುವವರು ಇದ್ದರೋ ಇಲ್ಲವೋ, ಇದ್ದಿದ್ದರೆ ಅವರ ಕಥೆಯನ್ನು ಯಾರು ಹೇಳುತ್ತಾರೆ?

ಇಲ್ಲಿನ ಕಥೆಯೂ ಮೊದಲು ಹಾಗೇ ಇತ್ತು. ಮಾರಾಟಕ್ಕೆ ಅಂತ ಹೊಡೆದು ಹೊಡೆದು, 1900ರ ಹೊತ್ತಿಗೆ ಕೊಲೊರಾಡೊದಲ್ಲಿ ಎಲ್ಕ್ ಮುಗಿಯುತ್ತಾ ಬಂದಿದ್ದವು. ನಮ್ಮ ಮನೆಗೆ ಹತ್ತಿರದ ಎಸ್ಟೆಸ್ ಪಾರ್ಕ್‌ಗೆ 1913-14ರಲ್ಲಿ ಯೆಲ್ಲೊಸ್ಟೋನ್‌ನಿಂದ ತಂದು ಬಿಡಬೇಕಾಯಿತು. ಈಗ ಅಮೆರಿಕದಲ್ಲೇ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಇದು, ಎರಡೂವರೆ ಲಕ್ಷಕ್ಕೂ ಜಾಸ್ತಿ. ಟ್ಯಾಗ್, ಸೀಸನ್, ಎಷ್ಟು ಹೊಡೆಯಬಹುದು ಅನ್ನುವ ಲೆಕ್ಕ, ಇವೆಲ್ಲ ಸೇರಿ ಆದದ್ದು. ಇದೇ ಫ್ಲಾಟ್ ಟಾಪ್ಸ್‌ನ ಇನ್ನೊಂದು ಮಗ್ಗುಲಲ್ಲಿ ಟ್ರ್ಯಾಪರ್ಸ್ ಲೇಕ್ ಅಂತ ಒಂದು ಸರೋವರ ಇದೆ. 1919ರಲ್ಲಿ ಅರಣ್ಯ ಇಲಾಖೆ ಆರ್ಥರ್ ಕಾರ್ಹಾರ್ಟ್ ಅನ್ನುವವರನ್ನು ಅಲ್ಲಿಗೆ ಕಳಿಸಿತ್ತು, ದಡದ ಸುತ್ತ ಬೇಸಿಗೆ ಮನೆಗಳಿಗೆ ಜಾಗ ಗುರುತು ಮಾಡಿ ಬಾ ಅಂತ. ಅವರು ಹೋದರು, ಅಳತೆ ಮಾಡಿದರು, ಬಂದು ಇಲ್ಲಿ ಏನೂ ಕಟ್ಟಬೇಡಿ ಅಂದರು. ಇವತ್ತಿಗೂ ಆ ದಡದ ಸುತ್ತ ಮನೆಗಳಿಲ್ಲ. ಈ ವಾರ ಅದನ್ನು ನೆನೆಸಿಕೊಂಡಾಗಲೆಲ್ಲ ಅಜ್ಜ ಬೈನಾಕ್ಯುಲರ್ ಇಳಿಸಿದ್ದೇ ಕಣ್ಣಿಗೆ ಬರುತ್ತದೆ. ಆ ಕಣಿವೆಯನ್ನು ಅವರಿಗಿಂತ ಚೆನ್ನಾಗಿ ಯಾರೂ ನೋಡಿರಲಿಲ್ಲ, ಬೇಡ ಅಂದದ್ದೂ ಅವರೇ.

ನನ್ನನ್ನು ಕಾಡುವ ಇನ್ನೊಂದು ವಿಷಯ ಇದೆ. ಅಜ್ಜನಿಗೆ ಎಪ್ಪತ್ತು ದಾಟಿದೆ. ಇಳಿಯುವಾಗ ಮೊಣಕಾಲು ಹಿಡಿಯುತ್ತದೆ, ಕೋಲು ಊರಿ ಅಡ್ಡಡ್ಡ ಇಳಿಯುತ್ತಾರೆ. ಆ ಗೆರೆ ಎಲ್ಕ್‌ಗಾಗಿ ಎಳೆದದ್ದಾ, ತಮ್ಮ ಮೊಣಕಾಲಿಗಾಗಿ ಎಳೆದದ್ದಾ? ಅಳಿಯನ ಅನುಮಾನ ಎರಡನೆಯದು, ಅದನ್ನು ನನಗೆ ಹೇಳಿದ್ದಾನೆ ಕೂಡ. ಇರಬಹುದು. ಆದರೆ ಮೊಣಕಾಲಿಗಾಗಿ ಎಳೆದಿದ್ದರೂ ಗೆರೆ ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಹೊರುವ ಮೂವರಲ್ಲಿ ಒಬ್ಬರ ಕಾಲು ಇಷ್ಟೇ ಹೊರುತ್ತದೆ ಅಂದರೆ ಅದೂ ಲೆಕ್ಕವೇ. ಸೆಪ್ಟೆಂಬರ್‌ನಲ್ಲಿ ಗಂಡು ಎಲ್ಕ್ ನಲವತ್ತು ಹೆಜ್ಜೆ ದೂರದಲ್ಲಿ ನಿಂತು ಕೂಗಿದಾಗ ಈ ಲೆಕ್ಕ ಯಾರಿಗೂ ಹೊಳೆಯಲ್ಲ. ಆ ಕೂಗು ಹತ್ತಿರದಿಂದ ಕೇಳಿದವರಿಗೆ ಗೊತ್ತು, ಬಿಲ್ಲು ಹಿಡಿಯದ ನನ್ನ ಮೈಯೇ ಜುಮ್ಮೆನ್ನುತ್ತದೆ. ಬೇಡ ಅನ್ನುವುದನ್ನು ಈಗಲೇ, ಆಗಸ್ಟ್‌ನಲ್ಲೇ, ಕೈಯಲ್ಲಿ ಬಿಲ್ಲಿಲ್ಲದಾಗ ಹೇಳಿಟ್ಟುಕೊಳ್ಳಬೇಕು. ಅಜ್ಜ ಮಾಡಿದ್ದು ಅದನ್ನೇ, ನಾನು ಅವರ ಪರ.

ನಿನ್ನೆ ರಾತ್ರಿ ಅಳಿಯ ಮೆಸೇಜ್ ಹಾಕಿದ. ಇಲ್ಲಿ ಎಲ್ಕ್ ಬೇಟೆಗೆ ಲಾಮಾ ಅನ್ನುವ, ಒಂಟೆಯ ಬಳಗದ ಹೊರೆ ಹೊರುವ ಪ್ರಾಣಿಗಳನ್ನು ಬಾಡಿಗೆಗೆ ಕೊಡುವವರಿದ್ದಾರೆ, ಒಂದೊಂದು ಮೂವತ್ತು ಕಿಲೋ ಆರಾಮಾಗಿ ಹೊರುತ್ತದೆ. ನಾಲ್ಕು ಲಾಮಾ ಸಿಕ್ಕರೆ ಗೆರೆ ದಾಟಬಹುದಲ್ವಾ, ಮಾವನಿಗೆ ನೀನು ಹೇಳು, ನಿನ್ನ ಮಾತು ಕೇಳ್ತಾರೆ, ಅಂತ. ಮುನಿಸು ಬಿಟ್ಟು ದಾರಿ ಹುಡುಕಿದ್ದಾನೆ, ಅದು ನನಗೆ ತುಂಬಾ ಇಷ್ಟವಾಯಿತು. ಆದರೆ ಲಾಮಾ ಆ ಕಡಿದಾದ ಏರನ್ನು ಹತ್ತುತ್ತದಾ, ಮೊದಲ ದಿನವೇ ಹೊಡೆದರೆ ಎಷ್ಟು ಗಂಟೆಯೊಳಗೆ ಮಾಂಸ ನೆರಳಿಗೆ ಬರುತ್ತದೆ, ಇದನ್ನೆಲ್ಲ ಕೇಳಿ ತಿಳಿಯಬೇಕು. ಅಜ್ಜನ ಬೆನ್ನ ಹಿಂದೆ ನಾನು ಏನೂ ಹೇಳಲ್ಲ ಅಂತ ಅವನಿಗೆ ಬರೆದೆ. ಭಾನುವಾರ ಮೂವರೂ ನಮ್ಮ ಮನೆಗೆ ಊಟಕ್ಕೆ ಬನ್ನಿ, ಮ್ಯಾಪ್ ಇಟ್ಟುಕೊಂಡು ಮಾತಾಡೋಣ, ಆಗಸ್ಟ್‌ನಲ್ಲಿ ಗಂಡುಗಳು ಎಲ್ಲಿರುತ್ತವೆ ಅನ್ನುವ ವಿಷಯವನ್ನು ಅಜ್ಜನ ಬಾಯಿಂದಲೇ ಕೇಳು ಅಂತಲೂ ಬರೆದೆ. ಮೂವರು ಅಂದರೆ ಅಜ್ಜ, ಅಜ್ಜಿ, ಅವನು. ಸರಿ ಅಂದಿದ್ದಾನೆ. ಫ್ರೀಜರ್‌ನಲ್ಲಿ ಹೋದ ವರ್ಷದ ಎಲ್ಕ್ ಮಾಂಸ ಸ್ವಲ್ಪ ಉಳಿದಿದೆ, ಅದಕ್ಕೆ ಮಸಾಲೆ ಅರೆದು ಸಾರು ಮಾಡುತ್ತೇನೆ, ಕಡುಬಿನ ಜೊತೆ.