ಬೆಂಡಿಗೆ ಡ್ರಮ್, ಹತ್ತಿಕಟ್ಟಿಗೆಗೆ ಗುಂಡಿ

ದಾವಣಗೆರೆ ಸುತ್ತ ಮೆಕ್ಕೆಜೋಳ ಒಕ್ಕಿದ ಮೇಲೆ ಬೆಂಡಿನ ರಾಶಿ, ಚಳ್ಳಕೆರೆ ಕಡೆ ಶೇಂಗಾ ಸಿಪ್ಪೆ, ಇನ್ನೂ ಕೆಲವೆಡೆ ಹತ್ತಿಕಟ್ಟಿಗೆ. ಎಲ್ಲವನ್ನೂ ಒಂದೇ ಥರ ಸುಟ್ಟರೆ ಒಂದು ಬಯೋಚಾರ್ (ಮಣ್ಣಿಗೆ ಹಾಕುವ ಇದ್ದಿಲು) ಆದೀತು, ಇನ್ನೊಂದು ಬೂದಿಯಾದೀತು. ಯಾವುದಾದರೂ ಸರಿ, ಮೊದಲು ಚೆನ್ನಾಗಿ ಒಣಗಿರಬೇಕು. ಹಸಿ ಇದ್ದರೆ ಬೆಂಕಿಯ ಶಕ್ತಿಯೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ಊರೆಲ್ಲ ಹೊಗೆ.

ಬೆಂಡಿಗೆ 200 ಲೀಟರ್ ಡ್ರಮ್ ಒಳ್ಳೆಯದು. ಬೆಂಡುಗಳ ನಡುವೆ ಗಾಳಿ ಆಡುತ್ತದೆ. ತಳದಲ್ಲಿ ಬೆರಳು ಹೋಗುವಷ್ಟು ದಪ್ಪದ ಮೂವತ್ತು ತೂತು ಕೊರೆದು, ಡ್ರಮ್ಮನ್ನು ಮೂರು ಇಟ್ಟಿಗೆ ಮೇಲೆ ನಿಲ್ಲಿಸಿ, ಬೆಂಡು ತುಂಬಿ, ಬೆಂಕಿಯನ್ನು ಮೇಲಿನಿಂದಲೇ ಹಚ್ಚಿ. ಮುಚ್ಚಳಕ್ಕೆ ಒಂದು ಮೀಟರ್ ಎತ್ತರದ ಕೊಳವೆ ಕೂರಿಸಿ, ಡ್ರಮ್ಮಿಗೂ ಮುಚ್ಚಳಕ್ಕೂ ಎರಡು ಸೆಂ.ಮೀ. ಸಂದು ಬಿಡಿ. ಹೊಗೆ ಅಲ್ಲಿ ಗಾಳಿ ಕುಡಿದು ಉರಿದುಹೋಗುತ್ತದೆ. ಹಳದಿ ಜ್ವಾಲೆ ಇಳಿದು ಸಣ್ಣ ನೀಲಿ ಜ್ವಾಲೆ ಕಂಡ ಕೂಡಲೇ ನೀರು ಹಾಕಿ. ಆಗ ಉರಿಯುತ್ತಿರುವುದು ಇದ್ದಿಲೇ. ತಡ ಮಾಡಿದಷ್ಟೂ ಬೂದಿ.

ಹತ್ತಿಕಟ್ಟಿಗೆ, ತೊಗರಿ ಕಡ್ಡಿಯನ್ನು ಡ್ರಮ್ಮಿಗೆ ಕತ್ತರಿಸುತ್ತ ಕೂರುವುದು ದಂಡ ಕೆಲಸ. ಮೇಲೆ ಒಂದೂವರೆ ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳದ ಆಲಿಕೆಯಾಕಾರದ ಗುಂಡಿ ಸಾಕು. ತಳದಲ್ಲಿ ಜೋರಾಗಿ ಉರಿ ಹಿಡಿಸಿ, ಮೇಲ್ಪದರದಲ್ಲಿ ತೆಳ್ಳಗೆ ಬಿಳಿ ಬೂದಿ ಕೂರುತ್ತಿದ್ದಂತೆ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆಯೇ ಆಮ್ಲಜನಕ ತಿಂದು ಕೆಳಗಿನ ಇದ್ದಿಲನ್ನು ಕಾಯುತ್ತದೆ. ಹೊಗೆ ಎದ್ದಿತೆಂದರೆ ಪದರ ದಪ್ಪವಾಯಿತು ಎಂದೇ ಅರ್ಥ. ಕೊನೆಗೆ ನೀರು ತಳ ಮುಟ್ಟುವಷ್ಟು ಹಾಕಿ, ಕೆದಕಿ, ಮತ್ತೆ ಹಾಕಿ. ಒಳಗೆ ಒಂದು ಕೆಂಡ ಉಳಿದರೂ ರಾತ್ರಿಯಿಡೀ ರಾಶಿ ತಿನ್ನುತ್ತದೆ.

ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ಒತ್ತೊತ್ತಾಗಿ ಕೂರುವುದರಿಂದ ಗಾಳಿ ಒಂದೇ ಕಡೆ ನುಗ್ಗುತ್ತದೆ: ಅಲ್ಲಿ ಬೂದಿ, ಪಕ್ಕದಲ್ಲಿ ಹಸಿ. ಇವಕ್ಕೆ ರಿಟಾರ್ಟ್, ಅಂದರೆ ಹೊರಗಿನ ಬೆಂಕಿಯಿಂದ ಕಾಯಿಸುವ ಮುಚ್ಚಿದ ಪಾತ್ರೆ, ಬೇಕು. ಸಣ್ಣ ಡ್ರಮ್ಮಿನಲ್ಲಿ ತುಂಬಿ ಮುಚ್ಚಿ, ದೊಡ್ಡ ಡ್ರಮ್ಮಿನೊಳಗಿಟ್ಟು ಸುತ್ತ ಕಟ್ಟಿಗೆ ಉರಿಸಿ. ಸಣ್ಣ ಡ್ರಮ್ಮಿನ ಅನಿಲ ಹೊರಬಂದು ಉರಿಯಲು ತಳದಲ್ಲಿ ತೂತು ಇರಲೇಬೇಕು. ತೂತಿಲ್ಲದೆ ಬಿಗಿಯಾಗಿ ಮುಚ್ಚಿದರೆ ಸಿಡಿಯಬಹುದು. ಕಟ್ಟಿಗೆ ಖರ್ಚು ಹೆಚ್ಚು, ಆದರೆ ಇದ್ದಿಲು ಗುಂಡಿಗಿಂತ ಜಾಸ್ತಿ ಸಿಗುತ್ತದೆ.

ಯಾವ ವಿಧಾನವಾದರೂ ಬಯಲಲ್ಲೇ ಮಾಡಿ, ಕೊಟ್ಟಿಗೆಯಲ್ಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಇದ್ದಿಲನ್ನು ಬೆರಳಲ್ಲಿ ತಿಕ್ಕಿ ಬರೀ ನೀರಿನಲ್ಲಿ ತೊಳೆಯಿರಿ. ಜಿಡ್ಡು ಉಳಿದರೆ ಟಾರ್ (ಪೂರ್ತಿ ಸುಡದೆ ಉಳಿದ ಅಂಟು ಎಣ್ಣೆ) ಇದೆ, ಇನ್ನೊಮ್ಮೆ ಸುಡಬೇಕು.

ಇದ್ದಿಲನ್ನು ಹಾಗೇ ಹೊಲಕ್ಕೆ ಚೆಲ್ಲಿದರೆ ಬೆಳೆಗೆ ಸಿಗಬೇಕಾದ ಸಾರಜನಕವನ್ನು ಅದೇ ಹಿಡಿದಿಟ್ಟುಕೊಳ್ಳಬಹುದು. ಪುಡಿ ಮಾಡಿ, ಅಷ್ಟೇ ಪ್ರಮಾಣದ ಕೊಟ್ಟಿಗೆ ಗೊಬ್ಬರದ ಜೊತೆ ಎರಡು ವಾರ ಒದ್ದೆಯಾಗಿ ಇಡಿ. ಚಿತ್ರದುರ್ಗದ ಕೆಂಪು ಮರಳುಮಿಶ್ರಿತ ಮಣ್ಣಿಗೆ ಇದು ಹೆಚ್ಚು ಹೊಂದುತ್ತದೆ. ಕ್ಷಾರ ಹೆಚ್ಚಿರುವ ಎರೆಹೊಲಕ್ಕೆ ಮಣ್ಣು ಪರೀಕ್ಷೆ ಮಾಡಿಸದೆ ಹಾಕಬೇಡಿ, ಬಯೋಚಾರ್ ತಾನೂ ಸಾಮಾನ್ಯವಾಗಿ ಕ್ಷಾರೀಯವೇ.